ನಾಲ್ಕು ಬೆರಳಿನ ದೂರಕ್ಕೊಂದು ಕ್ಯಾಮೆರಾ

ಸೂಜಿಗಳಿಗೆ ಇನ್ನೂ ಕಣ್ಣು ಮೂಡಿರದ ಕಾಲವೊಂದಿತ್ತಂತೆ. ಆಗ ಸೂಜಿಗಳೆಲ್ಲ ದಾರವಿಲ್ಲದೆ, ದಿಕ್ಕಿಲ್ಲದೆ, ಸಿಕ್ಕಿದ್ದನ್ನೆಲ್ಲ ಚುಚ್ಚಿಕೊಂಡು ಅಲೆಯುತ್ತಿದ್ದವಂತೆ. ಒಂದು ದಿನ ಒಂದು ಸೂಜಿ, ಬಟ್ಟೆಯ ತೂತು ಮುಚ್ಚುವ ಹೆಂಗಸೊಬ್ಬಳ ಬಾಗಿಲಿಗೆ ಬಂದು, "ಅಮ್ಮಾ, ನಿನ್ನ ಕಣ್ಣಿನಲ್ಲಿ ಒಂದೇ ಒಂದು ಚೂರು ಕೊಡು, ಸಂಜೆಗೆ ವಾಪಸು ತಂದುಕೊಡುತ್ತೇನೆ" ಎಂದಿತು. ಆಕೆ ಕೊಟ್ಟಳು. ಸೂಜಿಗೆ ಲೋಕ ಕಂಡಿತು, ದಾರ ಕಂಡಿತು, ಸಂಜೆ ಮಾತ್ರ ಕಾಣಲಿಲ್ಲ. ಅಂದಿನಿಂದ ಈ ಕಸುಬಿನವರ ಮನೆಗೆ ಹೊಸ ಸೂಜಿ ಬಂದಾಗಲೆಲ್ಲ ಅವರ ಕಣ್ಣಿನಿಂದ ಒಂದು ಚೂರು ಹೋಗುತ್ತದಂತೆ.

ನನ್ನ ಅಜ್ಜಿ ಹೇಳುತ್ತಿದ್ದ ಕಥೆ ಇದು. ಅವಳೂ ಅದೇ ಕಸುಬಿನವಳು, ಅವಳ ನಂತರ ನನ್ನ ದೊಡ್ಡಮ್ಮ. ಹತ್ತು ವರ್ಷದವಳಾಗುವವರೆಗೆ ಈ ಕಥೆಯನ್ನು ಎಷ್ಟು ನಂಬಿದ್ದೆನೆಂದರೆ ಸೂಜಿಯ ಪೊಟ್ಟಣ ಮನೆಗೆ ಬಂದರೆ ಹಾಸಿಗೆಯಡಿ ಬಚ್ಚಿಡುತ್ತಿದ್ದೆ. ಆಮೇಲೆ ನಂಬುವುದನ್ನು ಬಿಟ್ಟೆ. ಮೊನ್ನೆ ಕಣ್ಣಿನ ಡಾಕ್ಟರು ದೊಡ್ಡಮ್ಮನ ಎರಡೂ ಕಣ್ಣಿಗೆ ದೀಪ ಹಿಡಿದು ನೋಡಿ, "ನಡುವಿನ ನೋಟ ಹೋಗ್ತಾ ಇದೆ. ಅಂಚಿನದು ಉಳಿಯುತ್ತೆ. ಕನ್ನಡಕ ಬದಲಾಯಿಸಿದ್ರೆ ಸರಿಹೋಗೋದಲ್ಲ ಇದು" ಎಂದಾಗ ಮತ್ತೆ ನಂಬಿದೆ.

ದೊಡ್ಡಮ್ಮನದು ರಫು ಕೆಲಸ. ಕೋಟು ಸುಟ್ಟು ತೂತಾದರೆ, ಅದೇ ಕೋಟಿನ ಒಳಮಡಿಕೆಯಿಂದ ಎಳೆ ಬಿಡಿಸಿ, ಒಂದು ಎಳೆಯ ಮೇಲೆ, ಒಂದರ ಕೆಳಗೆ ಎಂದು ಮೂಲದ ನೇಯ್ಗೆಯನ್ನೇ ಮತ್ತೆ ನೇಯುವುದು. ಮುಗಿದ ಮೇಲೆ ತೂತು ಎಲ್ಲಿತ್ತೆಂದು ಕೋಟಿನ ಯಜಮಾನನಿಗೂ ತಿಳಿಯಬಾರದು. ನಾವಿಬ್ಬರೂ ಇರುವುದು ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ. ಪಕ್ಕದ ಡ್ರೈಕ್ಲೀನಿಂಗ್ ಅಂಗಡಿಯ ಹಬೆ ಮಾಮನ ಕಣ್ಣು ನಮ್ಮ ಮುಂಗಟ್ಟಿನ ಮೇಲೆ ಬಿದ್ದು ಎರಡು ವರ್ಷವಾಗಿತ್ತು.

ಆ ಸೋಮವಾರ ನಾನು ಕೆಲಸದಿಂದ ಬಂದಾಗ ದೊಡ್ಡಮ್ಮ ದೀಪ ಹಾಕದೆ ಕೂತಿದ್ದಳು. ಮಡಿಲಲ್ಲಿ ಕಪ್ಪಗೆ ಒಂದು ಉಣ್ಣೆಯ ಕೋಟು. ಊರಿನ ವಾದ್ಯತಂಡದಲ್ಲಿ ತುತ್ತೂರಿ ಊದುವವರದು. ಎಡತೋಳಿನಲ್ಲಿ ಬಟಾಣಿಯಷ್ಟು ತೂತು. ಶನಿವಾರ ಸಂಜೆ ಅವರ ಸಂಗೀತ ಕಛೇರಿ. ನಾಲ್ಕು ಗಂಟೆಗೆ ಕೋಟು ಕೊಡುವುದಾಗಿ ದೊಡ್ಡಮ್ಮ ಮಾತು ಕೊಟ್ಟಿದ್ದಳು.

"ಏಳು ಎಳೆ ಹಾಕಿದೆ ಕಣೇ," ಎಂದಳು. "ಮೂರನೇದು ಒಂದರ ಕೆಳಗೆ ಹೋಗೋ ಬದಲು ಎರಡರ ಕೆಳಗೆ ಹೋಗಿದೆ. ಕಣ್ಣಿಗೆ ಗೊತ್ತೇ ಆಗ್ಲಿಲ್ಲ. ಬೆರಳು ಆಡಿಸಿದಾಗ ತಿಳೀತು. ಎಲ್ಲ ಬಿಚ್ಚಿದೆ."

"ಭೂತಗನ್ನಡಿ?"

"ಅದನ್ನಿಟ್ರೆ ಮೂಗು ಬಟ್ಟೆಗೆ ತಾಗುತ್ತೆ. ನನ್ನ ತಲೆ ನೆರಳೇ ತೂತಿನ ಮೇಲೆ. ಸೂಜಿ ಎಲ್ಲಿ ಆಡಿಸ್ಲಿ, ಕಿವಿಯೊಳಗಾ?" ಕೋಟಿನ ತೋಳನ್ನು ಮಡಿಸಿಟ್ಟು ಹೇಳಿದಳು: "ಇದೊಂದು ಕೈಲಾಗದಿದ್ರೆ ಶನಿವಾರ ಹಾಗೇ ವಾಪಸ್ ಕೊಡ್ತೀನಿ. ಮುಂಗಟ್ಟು ಹಬೆಯವನಿಗೆ ಬಿಟ್ಟುಕೊಡ್ತೀನಿ. ಯಾರಿಗೂ ಹೇಳಬೇಡ ಇದನ್ನ. ಕಣ್ಣು ಕಾಣದ ರಫುವಿನವಳ ಹತ್ರ ಯಾರು ಬಟ್ಟೆ ತರ್ತಾರೆ?"

ನನ್ನ ಹತ್ತಿರ ಅಂಗೈ ಅಗಲದ ಒಂದು ಕಂಪ್ಯೂಟರ್ ಇತ್ತು. ಒಂದೇ ಹಸಿರು ಹಲಗೆ, ಅದರ ಮೇಲೇ ಎಲ್ಲ. ಕೆಲಸದ ಜಾಗದಲ್ಲಿ ಇಡೀ ದಿನ ಕಾಗದಗಳಿಗೆ ಲ್ಯಾಮಿನೇಶನ್ ಹಾಕುವ ನಾನು, ರಜೆಯ ದಿನ ಅದಕ್ಕೆ ಏನಾದರೂ ಸಿಕ್ಕಿಸುತ್ತ ಕೂರುತ್ತಿದ್ದೆ. ಕಳೆದ ವರ್ಷ ಗಿಡಕ್ಕೆ ತಾನಾಗಿ ನೀರು ಹಾಕುವ ಯಂತ್ರ ಮಾಡಿದ್ದೆ. ಗಿಡ ಮುಳುಗಿ ಸತ್ತಿತು. ಅಷ್ಟಾದರೂ ಬಾಯಿಂದ ಮಾತು ಬಂದೇಬಿಟ್ಟಿತು.

"ನಾನು ಒಂದು ಕ್ಯಾಮೆರಾ ತಂದು ಹಾಕ್ತೀನಿ ದೊಡ್ಡಮ್ಮ. ತೂತು ಟಿವಿ ಮೇಲೆ ತಟ್ಟೆಯಷ್ಟು ದೊಡ್ಡದು ಕಾಣುತ್ತೆ. ಶನಿವಾರದೊಳಗೆ ಮಾಡಿಕೊಡ್ತೀನಿ, ಮಾತು ಕೊಟ್ಟೆ."

"ನೀನು ಮಾತು ಕೊಟ್ಯಾ ಮೋಡಮ್ಮ," ಎಂದಳು. ಅದು ಅಜ್ಜಿ ನನಗಿಟ್ಟ ಹೆಸರು. ಕಾಲು ನೆಲದ ಮೇಲೆ ನಿಲ್ಲುವುದಿಲ್ಲವೆಂದು. "ಆ ಗಿಡಕ್ಕೂ ಕೊಟ್ಟಿದ್ದೆ."

ಮಂಗಳವಾರ ಊಟದ ಬಿಡುವಿನಲ್ಲಿ ಡಬ್ಬಿಯಣ್ಣನ ಅಂಗಡಿಗೆ ಓಡಿದೆ. ಎಲೆಕ್ಟ್ರಾನಿಕ್ ಬಿಡಿಸಾಮಾನಿನ ಅಂಗಡಿ. ನೆಲದಿಂದ ಸೂರಿನವರೆಗೆ ಪುಟ್ಟ ಪುಟ್ಟ ಡಬ್ಬಿಗಳು. ಯಾವುದರಲ್ಲಿ ಏನಿದೆ ಎಂದು ಅವರೊಬ್ಬರಿಗೇ ಗೊತ್ತು. ಇಂಥ ಕಂಪ್ಯೂಟರಿಗೆ ಸಿಕ್ಕಿಸುವ, ಉಗುರಗಲದ ಕ್ಯಾಮೆರಾಗಳೇ ಹತ್ತು ಹದಿನೈದು ಬಗೆ ಇದ್ದವು. ನನ್ನ ಕೈಗೆಟುಕುವಂಥವು ಐದೋ ಆರೋ.

"ಏನು ನೋಡೋಕೆ ತಂಗಿ?" ಎಂದರು ಡಬ್ಬಿಯಣ್ಣ.

ಇಷ್ಟು ಸಣ್ಣ ಪ್ರಶ್ನೆ ಕೇಳುತ್ತಾರೆಂದು ಎಣಿಸಿರಲಿಲ್ಲ. ಇವರು ಹಬೆ ಮಾಮನ ಜೊತೆ ಪ್ರತಿ ಭಾನುವಾರ ಇಸ್ಪೀಟಾಡುವವರು. ನಾಲಿಗೆಯ ತುದಿಗೆ ಬಂದ ದೊಡ್ಡಮ್ಮನನ್ನು ನುಂಗಿಕೊಂಡೆ.

"ಹಕ್ಕಿ," ಎಂದೆ. "ಬಾಲ್ಕನಿಯಲ್ಲಿ ಗೂಡು ಕಟ್ಟಿದೆ."

"ಓಹೋ! ಎಷ್ಟು ದೂರದಿಂದ?"

"ಹೀಗೇ… ಸ್ವಲ್ಪ."

"ಮುಸ್ಸಂಜೆ ಗೂಡಿಗೆ ಬರ್ತವೆ ಅವು, ಕತ್ತಲಾಗಿರುತ್ತೆ. ಇದು ತಗೋ. ಕತ್ತಲಲ್ಲೂ ಕಾಣುತ್ತೆ, ಅಗಲಕ್ಕೆ ಕಾಣುತ್ತೆ, ಇಡೀ ಗೂಡು ಬರುತ್ತೆ. ಬೆಲೆನೂ ಭಾರ ಇಲ್ಲ."

ಸಂಜೆ ಅದನ್ನು ಮೇಜುದೀಪದ ಕತ್ತಿಗೆ ಕಟ್ಟಿ, ಕೆಳಗೆ ಕೋಟು ಹರಡಿ, ಟಿವಿ ಹಾಕಿದೆ. ಬಚ್ಚಲುಮನೆಯ ಕಿಟಕಿಯ ಗಾಜಿನಿಂದಾಚೆ ಯಾರೋ ಸ್ನಾನ ಮಾಡುತ್ತಿರುವಂತೆ ಏನೋ ಒಂದು ಮಸುಕು ಅಲುಗಿತು. ಅದು ದೊಡ್ಡಮ್ಮನ ಕೈ. ಕೋಟು ಕಪ್ಪಗಿರಲಿಲ್ಲ. ನೇರಳೆಹಣ್ಣು ಹಿಂಡಿದ ಬಣ್ಣಕ್ಕೆ ತಿರುಗಿತ್ತು.

"ಯಾರ ಕೋಟೇ ಇದು?" ಎಂದಳು ದೊಡ್ಡಮ್ಮ.

"ಇದೇ ಕೋಟು."

"ಕಪ್ಪನ್ನ ಕಪ್ಪು ಅಂತ ಹೇಳದ ಕಣ್ಣು ಕಟ್ಟಿಕೊಂಡು ನಾನೇನು ಮಾಡ್ಲಿ?"

ಕತ್ತಲಲ್ಲಿ ನೋಡಲೆಂದೇ ಮಾಡಿದ ಕ್ಯಾಮೆರಾಗಳು ನಮ್ಮ ಕಣ್ಣಿಗೆ ಕಾಣದ ಬೆಳಕನ್ನೂ ಒಳಗೆ ಬಿಟ್ಟುಕೊಂಡು ಬಣ್ಣ ಕೆಡಿಸುತ್ತವೆಂದು ಅಂದು ಓದಿ ತಿಳಿದೆ. ಓದುತ್ತ ಎದ್ದೆ, ಕೂತೆ, ಅಡುಗೆಮನೆಗೂ ಅಂಗಡಿಗೂ ನಡೆದೆ. "ನಿನ್ನ ಕಾಲಿಗೆ ಯಾರಾದ್ರೂ ಗೂಟ ಹೊಡೀಬಾರ್ದಾ," ಎಂದು ದೊಡ್ಡಮ್ಮ ಒಳಗಿನಿಂದ ಬೈದಳು.

ಬುಧವಾರ ಮತ್ತೆ ಹೋದೆ. ಬಣ್ಣ ಸರಿಯಿಲ್ಲ, ಹತ್ತಿರದ್ದು ಮಸುಕು ಎಂದೆ.

"ಹತ್ತಿರದ್ದಾ? ಗೂಡಿನೊಳಗೇ ತೂರಿಸಿಬಿಟ್ಯಾ? ಹಕ್ಕಿ ಹೆದರಲ್ವಾ?"

"ಅದು… ಸ್ವಲ್ಪ ಸಾಧು ಹಕ್ಕಿ."

ಸುಳ್ಳಿಗೆ ಆಗಲೇ ಗೂಡಿತ್ತು, ಈಗ ಗುಣವೂ ಬಂತು. ಡಬ್ಬಿಯಣ್ಣ ತಲೆ ಕೆರೆದುಕೊಂಡು ಹಳೆಯದನ್ನು ವಾಪಸು ತೆಗೆದುಕೊಂಡರು. ಬದಲಿಗೆ ಉದ್ದ ತಂತಿಯ ವೆಬ್‌ಕ್ಯಾಮ್ ಕೊಟ್ಟರು. "ಹಾಗಾದ್ರೆ ಹಲಗೆ ಒಳಗಿಡು, ಕಣ್ಣು ಮಾತ್ರ ಹೊರಗಿಡು. ಇದರ ಮೂತಿ ತಿರುಗಿಸಿದ್ರೆ ಹತ್ತಿರದ್ದೂ ಸ್ಪಷ್ಟ. ಬಣ್ಣ ಸರಿ ಇರುತ್ತೆ. ಏನಂದ್ರೆ, ನಿನ್ನ ಆ ಪುಟ್ಟ ಹಲಗೆಗೆ ಇದರ ಚಿತ್ರ ಬಿಡಿಸಿ ತೋರ್ಸೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ, ಒಂದು ಚೂರು ತಡವಾಗಿ ಕಾಣುತ್ತೆ. ಹಕ್ಕಿಗೇನು ಅವಸರ?"

ಹೌದಲ್ಲವೇ, ಎಂದುಕೊಂಡೆ.

ಆ ಸಂಜೆ ಟಿವಿಯ ಮೇಲೆ ಕೋಟು ಕಪ್ಪಗೇ ಕಂಡಿತು. ತೂತು ತಟ್ಟೆಯಷ್ಟಾಯಿತು. ಸುಟ್ಟ ಅಂಚಿನ ಒಂದೊಂದು ಎಳೆಯೂ ಹಗ್ಗದ ಹಾಗೆ ಎದ್ದು ನಿಂತಿತು. ದೊಡ್ಡಮ್ಮ ಮುಖವನ್ನು ಸ್ವಲ್ಪ ಓರೆ ಮಾಡಿ, ಉಳಿದಿರುವ ಅಂಚಿನ ನೋಟದಿಂದ ಅದನ್ನು ನೋಡಿದಳು. "ಅಯ್ಯೋ, ಎಷ್ಟು ಚೆನ್ನಾಗಿದೆಯೇ ನೇಯ್ಗೆ," ಎಂದು ಮೆಲ್ಲಗೆ ಅಂದಳು. ನಾನು ಕುಣಿಯುವುದೊಂದು ಬಾಕಿ.

ಆಮೇಲೆ ಅವಳು ಸೂಜಿ ಎತ್ತಿಕೊಂಡಳು. ಬಟ್ಟೆಯ ಮೇಲೆ ಸೂಜಿ ಎಳೆಯನ್ನು ಮುಟ್ಟಿತು. ಟಿವಿಯಲ್ಲಿ ಇನ್ನೂ ಬರುತ್ತಲೇ ಇತ್ತು. ಅವಳು ತಡೆದಳು. ಟಿವಿಯಲ್ಲಿ ಸೂಜಿ ದಾಟಿ ಮುಂದೆ ಹೋಯಿತು. ಹಿಂದಕ್ಕೆಳೆದಳು. ಟಿವಿಯಲ್ಲಿ ಅದು ಆಮೇಲೆ ಹಿಂದೆ ಸರಿಯಿತು. ಕಾದು ಕಾದು ಒಂದೊಂದು ಹೆಜ್ಜೆ ಇಡಲು ನೋಡಿದಳು. ನಲವತ್ತು ವರ್ಷ ತಾನಾಗಿ ಓಡಿದ ಕೈ, ಬಾಗಿಲು ತೆರೆಯುವವರೆಗೆ ನಿಂತುಕೊಳ್ಳುವುದನ್ನು ಕಲಿತಿರಲಿಲ್ಲ. ಗುರುವಾರ ನಾನು ಕೆಲಸದಿಂದ ಬಂದ ಮೇಲೂ ಹಟ ಹಿಡಿದು ಕೂತಳು. ರಾತ್ರಿ ಎಂಟು ಗಂಟೆಗೆ ಸುಟ್ಟ ಅಂಚಿನ ಎಳೆಯೊಂದು ಪಟ್ಟನೆ ತುಂಡಾಯಿತು. ಬಟಾಣಿ ಈಗ ಬಟಾಣಿಗಿಂತ ದೊಡ್ಡದಾಗಿತ್ತು.

ದೊಡ್ಡಮ್ಮ ಸೂಜಿಯನ್ನು ದಿಂಬಿಗೆ ಚುಚ್ಚಿ, ಕೋಟಿನ ಮೇಲೆ ಬಿಳಿ ಬಟ್ಟೆ ಮುಚ್ಚಿದಳು.

"ಅದು ನನ್ನ ಕೈಯಲ್ಲ ಕಣೇ ಟಿವಿಯಲ್ಲಿರೋದು. ನಿನ್ನೆಯ ಕೈ," ಎಂದಳು. "ಹೋಗಿ ಹಬೆಯವನಿಗೆ ಹೇಳು, ಭಾನುವಾರ ಬಂದು ಮುಂಗಟ್ಟಿನ ಅಳತೆ ತಗೊಳ್ಳಲಿ."

ನಾನು ಹೋಗಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ಉಗುರು ಕಚ್ಚುತ್ತ ನಿಂತೆ. ಕೊನೆಗೆ ತಡೆಯಲಾರದೆ, "ತಪ್ಪು ನನ್ನದು ದೊಡ್ಡಮ್ಮ. ಅಂಗಡಿಯಲ್ಲಿ ನಾನು ಹಕ್ಕಿ ಅಂತ ಹೇಳಿದೆ," ಎಂದೆ.

"ಏನಂತ?"

"ಏನು ನೋಡೋಕೆ ಅಂತ ಕೇಳಿದ್ರು. ಬಾಲ್ಕನಿಯಲ್ಲಿ ಹಕ್ಕಿ ಇದೆ ಅಂದೆ."

"ನಮಗೆ ಬಾಲ್ಕನಿ ಎಲ್ಲಿದೆಯೇ?"

"ಇಲ್ಲ."

ದೊಡ್ಡಮ್ಮ ನಗುತ್ತಾಳೋ ಬೈಯುತ್ತಾಳೋ ತಿಳಿಯದೆ ಕಾದೆ. ಅವಳು ಎರಡನ್ನೂ ಮಾಡಲಿಲ್ಲ.

"ಸಿಗರೇಟು ತಾಗಿಸಿಕೊಂಡು ಬಂದು, ಹುಳ ತಿಂದಿದೆ ಅಂತಾರೆ ನನ್ನ ಹತ್ರ," ಎಂದಳು ನಿಧಾನವಾಗಿ. "ಹೆಂಡ್ತಿಗೆ ಹೆದರಿ ಒಬ್ಬ, ಅಪ್ಪನಿಗೆ ಹೆದರಿ ಒಬ್ಬ. ಸುಟ್ಟ ಅಂಚು ಪುಡಿಯಾಗುತ್ತೆ, ಅದನ್ನ ಮೊದಲು ಕತ್ತರಿಸಿ ತೆಗೀಬೇಕು. ಹುಳ ತಿಂದಿದ್ದು ಹಾಗಲ್ಲ. ನಿಜ ಹೇಳಿ, ನಾನೇನು ನಿಮ್ಮ ಮನೆಗೆ ಪತ್ರ ಬರೀತೀನಾ ಅಂತ ಎಷ್ಟು ಜನಕ್ಕೆ ಉಗಿದಿದ್ದೀನಿ. ಈಗ ನಾನೇ ತೂತು ಬಚ್ಚಿಟ್ಕೊಂಡು, ನಿನ್ನ ಬಾಯಲ್ಲಿ ಹುಳ ಅಂತ ಹೇಳಿಸಿದೆ." ಬಿಳಿ ಬಟ್ಟೆ ತೆಗೆದು ಕೋಟನ್ನು ಮಡಿಸತೊಡಗಿದಳು. "ನಾಳೆ ಎಷ್ಟೊತ್ತಿಗೆ ತೆಗೀತಾನೆ ಆ ಡಬ್ಬಿಯವನು?"

ಶುಕ್ರವಾರ ನಾನು ಕೆಲಸಕ್ಕೆ ಹೋಗಲಿಲ್ಲ. ಶಟರ್ ಏಳುವ ಮೊದಲೇ ಇಬ್ಬರೂ ಅಲ್ಲಿದ್ದೆವು. ನಮ್ಮ ಹಿಂದೆ ಇನ್ನಿಬ್ಬರು ಗಿರಾಕಿಗಳು. ಅವರು ಹೋಗುವವರೆಗೆ ಕಾಯೋಣವೆಂದು ನಾನು ದೊಡ್ಡಮ್ಮನ ಸೆರಗು ಜಗ್ಗಿದೆ. ಅವಳು ಕೊಸರಿಕೊಂಡು ಕೌಂಟರಿನ ಮೇಲೆ ಕೋಟು ಬಿಚ್ಚಿದಳು.

"ಹಕ್ಕಿ ನಾನೇ," ಎಂದಳು. "ನನಗೆ ಕಣ್ಣಿನ ನಡುವೆ ಕಾಣಲ್ಲ. ಇದನ್ನ ನಾಳೆ ನಾಲ್ಕಕ್ಕೆ ಮುಗಿಸಬೇಕು. ಏನು ಬೇಕೋ ಕೇಳಿ, ಹೇಳ್ತೀನಿ."

ಹಿಂದಿನವರಲ್ಲಿ ಒಬ್ಬರು ಕೆಮ್ಮಿದರು. ಡಬ್ಬಿಯಣ್ಣ ನನ್ನ ಕಡೆ ನೋಡಿದ ನೋಟಕ್ಕೆ ನಾನು ನೆಲ ನೋಡಿದೆ.

"ಸಾಧು ಹಕ್ಕಿ ಅಂದಿದ್ದಳು," ಎಂದರು. ಕೋಟಿನ ಮೇಲೆ ಬಾಗಿದರು. "ಬಟ್ಟೆಗೂ ಕ್ಯಾಮೆರಾಕ್ಕೂ ನಡುವೆ ಎಷ್ಟು ಜಾಗ ಬೇಕಕ್ಕಾ?"

ದೊಡ್ಡಮ್ಮ ನಾಲ್ಕು ಬೆರಳು ಒತ್ತಾಗಿ ಸೇರಿಸಿ ಅಡ್ಡಲಾಗಿ ಇಟ್ಟಳು. "ಇಷ್ಟು. ಇಷ್ಟಿದ್ರೆ ಕೈ ಒಳಗೆ ಹೋಗುತ್ತೆ, ಸೂಜಿ ಮಲಗಿಸಿ ಆಡಿಸಬಹುದು."

"ಎಷ್ಟು ಅಗಲ ಕಾಣಬೇಕು?"

"ಎರಡು ಬೆರಳು ಸಾಕು. ಅದರಾಚೆ ಇರೋದು ನನಗೆ ಬೇಡ."

"ತಡ ಆಗಬಾರದು."

"ಕೈಯ ಜೊತೆಗೇ ಬರಬೇಕು."

ಡಬ್ಬಿಯಣ್ಣ ಏಣಿ ಹತ್ತಿ ಮೇಲಿನ ಸಾಲಿನ ಮೂಲೆಯಿಂದ ಧೂಳು ಹಿಡಿದ ಡಬ್ಬಿ ಇಳಿಸಿದರು. ಅದರಲ್ಲಿ ಆರೇಳು ಕ್ಯಾಮೆರಾಗಳು. ಎಲ್ಲಕ್ಕಿಂತ ಹಳೆಯವು, ಎಲ್ಲಕ್ಕಿಂತ ಅಗ್ಗದವು. ನಾನು ಮಂಗಳವಾರವೇ ಅಂಗಡಿಯ ಬೆಲೆಪಟ್ಟಿಯಲ್ಲಿ ನೋಡಿ, ಇಷ್ಟು ಬಡಕಲು ಯಾಕೆ ಎಂದು ಬಿಟ್ಟುಹಾಕಿದ್ದವು.

"ಇದನ್ನ ಈಗ ಯಾರೂ ಕೇಳಲ್ಲ. ಆದ್ರೆ ಈ ಚಪ್ಪಟೆ ಪಟ್ಟಿತಂತಿಯಲ್ಲಿ ನೇರ ಹಲಗೆಗೇ ಹೋಗುತ್ತೆ, ತಡ ಗೊತ್ತಾಗಲ್ಲ. ಬಣ್ಣ ಸರಿ. ಒಂದೇ ತೊಂದರೆ: ಮಾಡಿದವರು ದೂರದ್ದು ಕಾಣೋ ಹಾಗೆ ಲೆನ್ಸ್ ತಿರುಗಿಸಿ ಗೋಂದು ಹಾಕಿಬಿಟ್ಟಿದ್ದಾರೆ. ಆ ಗೋಂದು ಬಿಡಿಸಿ, ಲೆನ್ಸನ್ನ ಒಂದಿಷ್ಟು ಹೊರಗೆ ತಿರುಗಿಸಿದ್ರೆ ಹತ್ತಿರದ್ದು ಕಾಣುತ್ತೆ. ದೂರದ್ದು ಹೋಗುತ್ತೆ."

"ಹೋಗಲಿ," ಎಂದಳು ದೊಡ್ಡಮ್ಮ.

ಇಕ್ಕಳ ತೆಗೆದುಕೊಂಡ ಡಬ್ಬಿಯಣ್ಣನ ಬೆರಳುಗಳು ಆ ಮೆಣಸಿನಕಾಳಿನಷ್ಟು ಲೆನ್ಸಿನ ಮುಂದೆ ಸೌದೆಯಂತೆ ಕಂಡವು. ಎರಡು ಸಲ ಜಾರಿತು. ಮೂರನೇ ಸಲಕ್ಕೆ ಲೆನ್ಸಿನ ಅಂಚು ಚಟ್ಟೆಂದು ಸೀಳಿತು. ಅವರು ಅದನ್ನು ಪಕ್ಕಕ್ಕೆ ತಳ್ಳಿ, "ಇದು ನನ್ನ ಲೆಕ್ಕಕ್ಕೆ," ಎಂದು ಇನ್ನೊಂದನ್ನು ತೆಗೆದರು.

"ಇತ್ತ ಕೊಡಿ," ಎಂದಳು ದೊಡ್ಡಮ್ಮ.

ಕುಪ್ಪಸದ ಅಂಚಿಗೆ ಸಿಕ್ಕಿಸಿದ್ದ ಸೂಜಿ ತೆಗೆದಳು. ಕಣ್ಣನ್ನು ಎತ್ತಲೋ ಇಟ್ಟು, ಎಡಗೈ ಹೆಬ್ಬೆರಳಿನಿಂದ ಗೋಂದಿನ ಬೊಟ್ಟನ್ನು ಹುಡುಕಿ, ಸೂಜಿಮೊನೆಯಿಂದ ಗೀರಿದಳು. ಒಂದು, ಎರಡು, ಮೂರು. ಹುಡಿ ಉದುರಿತು. ಡಬ್ಬಿಯಣ್ಣ ಪಟ್ಟಿತಂತಿ ಸಿಕ್ಕಿಸಿ ಅಂಗಡಿಯ ಕಂಪ್ಯೂಟರ್ ಪರದೆ ಹೊತ್ತಿಸಿದರು. ನಾನು ನಾಲ್ಕು ಬೆರಳ ಎತ್ತರದಲ್ಲಿ ಕ್ಯಾಮೆರಾ ಹಿಡಿದೆ. ದೊಡ್ಡಮ್ಮ ಉಗುರಿನ ತುದಿಯಿಂದ ಲೆನ್ಸ್ ತಿರುಗಿಸಿದಳು.

"ಇನ್ನೂ ಸ್ವಲ್ಪ," ಎಂದರು ಹಿಂದೆ ಕೆಮ್ಮಿದ್ದ ಗಿರಾಕಿ. ಅವರು ಯಾವಾಗ ಕೌಂಟರಿನ ಒಳಗೆ ಬಂದಿದ್ದರೋ.

"ಜಾಸ್ತಿ ಆಯ್ತು, ಹಿಂದಕ್ಕೆ ಹಿಂದಕ್ಕೆ," ಎಂದರು ಇನ್ನೊಬ್ಬ ಗಿರಾಕಿ.

"ನೀವೆಲ್ಲ ಸುಮ್ನಿರ್ತೀರಾ?" ಎಂದಳು ದೊಡ್ಡಮ್ಮ. ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿದಳು. ಪರದೆಯ ಮೇಲೆ ಮಂಜು ಸರಿದು ನೇಯ್ಗೆ ಬಂದು ನಿಂತಿತು.

ಮನೆಗೆ ಬಂದ ಮೇಲೆ ಏನೂ ಸಲೀಸಾಗಲಿಲ್ಲ. ದೀಪದ ಕತ್ತಿಗೆ ಕಟ್ಟಿದಾಗ ಚಿತ್ರ ತಲೆಕೆಳಗಾಗಿ, ದೊಡ್ಡಮ್ಮನ ಕೈ ಆಕಾಶದಿಂದ ಇಳಿದು ಬಂತು. ಅದನ್ನು ತಿರುಗಿಸಲು ಪ್ರೋಗ್ರಾಮಿನಲ್ಲಿ ಒಂದೇ ಸಾಲು ಬರೆಯಬೇಕಿತ್ತು. ಅವಸರದಲ್ಲಿ ಅದನ್ನೇ ನಾಲ್ಕು ಸಲ ತಪ್ಪಾಗಿ ಬರೆದೆ. ನಡುವಿನ ತುಂಡನ್ನಷ್ಟೇ ಹಿಗ್ಗಿಸಿ ತೋರಿಸುವುದಕ್ಕೆ ಇನ್ನೆರಡು ಗಂಟೆ ಹಿಡಿಯಿತು. ಅಷ್ಟರಲ್ಲಿ ದೊಡ್ಡಮ್ಮ ಒರೆಸುವ ಬಟ್ಟೆಯೊಂದಕ್ಕೆ ಕತ್ತರಿಯಿಂದ ತೂತು ಮಾಡಿ ಕಾಯುತ್ತಿದ್ದಳು. ಕೆಳಗೆ ಕೈ, ಮೇಲೆ ಕಣ್ಣು. ಮೊದಮೊದಲು ಕೈ ಕುಡಿದವನ ಹಾಗೆ ಅಡ್ಡಾಡಿತು. ಸಂಜೆಯ ಹೊತ್ತಿಗೆ ಒರೆಸುವ ಬಟ್ಟೆಯ ತೂತು ಮುಚ್ಚಿತ್ತು. ಅದರ ಮೇಲೆ ಬೆರಳಾಡಿಸಿದಳು. "ಊಟಕ್ಕೇನು?" ಎಂದಳಷ್ಟೆ.

ಶನಿವಾರ ಬೆಳಿಗ್ಗೆ ಏಳಕ್ಕೆ ಕ್ಯಾಮೆರಾದ ಕೆಳಗೆ ಕೋಟು ಕೂತಿತು. ಸುಟ್ಟ ಅಂಚು ಕತ್ತರಿಸಿ, ಒಳಮಡಿಕೆಯಿಂದ ಎಳೆ ಬಿಡಿಸುವುದರಲ್ಲೇ ಮಧ್ಯಾಹ್ನವಾಯಿತು. ತುಂಡಾದ ಎಳೆಯಿಂದಾಗಿ ಈಗ ಉದ್ದಕ್ಕೆ ಮೂವತ್ತೆರಡು, ಅಡ್ಡಕ್ಕೆ ಮೂವತ್ತು ಎಳೆ. ಒಂದರ ಮೇಲೆ, ಒಂದರ ಕೆಳಗೆ. ನನ್ನ ಕೆಲಸ ಮುಗಿದಿತ್ತು. ಅದೇ ಹಿಂಸೆ. ತಂತಿ ಸಡಿಲವಾಯಿತೇ ಎಂದು ಮುಟ್ಟಲು ಹೋದೆ. "ಮುಟ್ಟಿದ್ರೆ ಕೈ ಮುರೀತೀನಿ." ಹಲಗೆ ಬಿಸಿಯಾಯಿತೇ ಎಂದು ಬಾಗಿದೆ. "ನಿನ್ನ ಉಸಿರಿಗೆ ಎಳೆ ಹಾರುತ್ತೆ, ಆಚೆ ಹೋಗು." ಆಚೆ ಹೋದೆ. ಬೀದಿ ಗುಡಿಸಿದೆ. ಗುಡಿಸಿದ್ದನ್ನೇ ಮತ್ತೆ ಗುಡಿಸಿದೆ.

ಮೂರೂಮುಕ್ಕಾಲಿಗೆ ಹಬೆ ಮಾಮ ಬಾಗಿಲಲ್ಲಿ ನಿಂತರು. ಡಬ್ಬಿಯಂಗಡಿಯ ಮಾತು ಒಂದೂವರೆ ದಿನದಲ್ಲಿ ಇಷ್ಟು ದೂರ ನಡೆದು ಬಂದಿತ್ತು.

"ಅಕ್ಕಾ, ವಿಷಯ ಕೇಳ್ದೆ… ಕಣ್ಣಿಂದು…"

"ಕೇಳಿದ್ದು ಸರಿ," ಎಂದಳು ದೊಡ್ಡಮ್ಮ, ಟಿವಿಯಿಂದ ಮುಖ ತಿರುಗಿಸದೆ. "ಬೆಳಕಿಗೆ ಅಡ್ಡ ನಿಲ್ಲಬೇಡಿ."

ಅವರು ಪಕ್ಕಕ್ಕೆ ಸರಿದರು. ಹೋಗಲಿಲ್ಲ. ತುತ್ತೂರಿಯವರು ನಾಲ್ಕಕ್ಕೆ ಸರಿಯಾಗಿ ಬಂದರು, ಪೆಟ್ಟಿಗೆ ಬಗಲಲ್ಲಿಟ್ಟುಕೊಂಡು. ಅಡ್ಡದ ಎಳೆಗಳಲ್ಲಿ ಇನ್ನೂ ಒಂಬತ್ತು ಬಾಕಿ.

"ಏನಮ್ಮಾ ಇದು, ಟಿವಿ ನೋಡ್ಕೊಂಡು ನನ್ನ ಕೋಟು ಹೊಲೀತಿದ್ದೀರಾ?"

"ನಿಮ್ಮ ಕೋಟೇ ಬರ್ತಾ ಇರೋದು. ಕೂತು ನೋಡಿ."

"ಐದಕ್ಕೆ ನಾನು ವೇದಿಕೆ ಮೇಲಿರಬೇಕು."

"ಗೊತ್ತು."

ಅವರು ಬೆಂಚಿನ ತುದಿಯಲ್ಲಿ ಕೂತು ಮೊಣಕಾಲಿನ ಮೇಲೆ ತಾಳ ಹಾಕತೊಡಗಿದರು. ಎಂಟು. ಏಳು. ಹಬೆ ಮಾಮ ಬಾಯಿ ತೆರೆದುಕೊಂಡು ಟಿವಿ ನೋಡುತ್ತಿದ್ದರು. ತಟ್ಟೆಯಷ್ಟಗಲದ ತೂತು ಸೀಳಾಗಿ, ಗೆರೆಯಾಗಿ, ಎಳೆಯೆಳೆಯಾಗಿ ಮುಚ್ಚಿಕೊಳ್ಳುತ್ತ ಬಂತು. ನಾಲ್ಕು. ದೊಡ್ಡಮ್ಮನ ಹಣೆಯ ಬೆವರು ಮೂಗಿನ ಮೇಲಿಳಿಯಿತು. ಒರೆಸಲು ಅವಳ ಬಳಿ ಕೈಯಿರಲಿಲ್ಲ, ನಾನು ಒರೆಸಿದೆ. ಈ ಸಲ ಬೈಯಲಿಲ್ಲ. ಎರಡು. ಒಂದರ ಮೇಲೆ, ಒಂದರ ಕೆಳಗೆ. ತಾಳ ನಿಂತಿತು.

ಕೊನೆಯ ಎಳೆಯ ಬಾಲವನ್ನು ಅವಳು ಹಿಂಬದಿಗೆ ಎಳೆದು ಕತ್ತರಿಸಿದಳು. ಕ್ಯಾಮೆರಾದ ಕೆಳಗಿನಿಂದ ತೋಳನ್ನು ಹೊರಗೆಳೆದು, ಕಣ್ಣು ಮುಚ್ಚಿ, ಬೆರಳಿನಿಂದ ಒಮ್ಮೆ ಮೇಲಕ್ಕೆ, ಒಮ್ಮೆ ಅಡ್ಡಕ್ಕೆ ಸವರಿದಳು. ಎಲ್ಲೂ ತಡೆಯಲಿಲ್ಲ. ಇನ್ನೊಮ್ಮೆ ಸವರಿದಳು.

"ತಗೊಳ್ಳಿ," ಎಂದು ಕೋಟು ಚಾಚಿದಳು. "ಇಪ್ಪತ್ತು ನಿಮಿಷ ತಡವಾಯ್ತು."